'ಅವರಿಗೆ ಹೇಳಬೇಡಿ' ಎಂಬುದನ್ನೂ ಹೇಳಬೇಕೇ?

ನಮ್ಮ ನೆರೆಮನೆಯ ದರ್ಜಿಯೊಬ್ಬರು ಹುಟ್ಟು ಕಿವುಡರು. ವಯಸ್ಸು ಐವತ್ತರ ಆಸುಪಾಸು. ಊರಿನವರು ಅವರನ್ನು ಹೆಸರು ಹಿಡಿದು ಕರೆದದ್ದಕ್ಕಿಂತ 'ಮೂಗಣ್ಣ' ಎಂದು ಕರೆದದ್ದೇ ಹೆಚ್ಚು. ಅದು ಅವರಿಗೆ ಕೇಳಿಸುವುದಿಲ್ಲವೆಂಬ ಧೈರ್ಯ ಎಲ್ಲರಿಗೂ. ಕೆಲವು ತಿಂಗಳಿಂದ ಅವರ ಕಾಲು ಊದಿಕೊಳ್ಳುತ್ತಿತ್ತು, ಊಟ ಸೇರುತ್ತಿರಲಿಲ್ಲ. ಕೊನೆಗೆ ತಮ್ಮನು ನಗರದ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದಾಗ ನಾವೂ ಜೊತೆಗೆ ಹೋದೆವು. ದರ್ಜಿಯ ಕಿವುಡ ಸ್ನೇಹಿತರು ಏರ್ಪಾಡು ಮಾಡಿದ್ದ ಸಂಜ್ಞಾ ಭಾಷೆಯ ದುಭಾಷಿ ನಮಗಿಂತ ಮೊದಲೇ ಅಲ್ಲಿಗೆ ಬಂದಿದ್ದರು. ಕಡು ಬಣ್ಣದ, ಹೂವು ಬಳ್ಳಿಗಳಿಲ್ಲದ ಚೂಡಿದಾರ್, ಬಳೆ ಉಂಗುರಗಳಿಲ್ಲದ ಕೈ. ಬಟ್ಟೆಯ ಚಿತ್ತಾರದ ಮುಂದೆ ಕೈಬೆರಳುಗಳು ಸ್ಪಷ್ಟವಾಗಿ ಕಾಣುವುದಿಲ್ಲ, ಅದಕ್ಕಾಗಿಯೇ ಈ ಉಡುಪು ಎಂಬುದು ನಮಗೆ ಆಮೇಲೆ ತಿಳಿಯಿತು.

ವೈದ್ಯರು ರಿಪೋರ್ಟ್ ನೋಡಿದರು. ಮುಖ ಗಂಭೀರವಾಯಿತು. ತಮ್ಮನ ಕಡೆಗೊಮ್ಮೆ, ದುಭಾಷಿಯ ಕಡೆಗೊಮ್ಮೆ ನೋಡಿ, "ಮೇಡಂ, ಎರಡೂ ಕಿಡ್ನಿ ಹೋಗಿವೆ. ಇದನ್ನು ಈಗಲೇ ಅವರಿಗೆ ಹೇಳಬೇಡಿ, ಗಾಬರಿಯಾಗುತ್ತಾರೆ" ಎಂದರು. ದುಭಾಷಿಯ ಕೈಗಳು ನಿಲ್ಲಲಿಲ್ಲ. ವೈದ್ಯರ ಮಾತು ಮುಗಿದ ಕ್ಷಣದಲ್ಲೇ ಅವರ ಸನ್ನೆಯೂ ಮುಗಿದಿತ್ತು. ದರ್ಜಿ ಒಂದಷ್ಟು ಹೊತ್ತು ಸುಮ್ಮನಿದ್ದು ಬಳಿಕ ಏನೋ ಸನ್ನೆ ಮಾಡಿದರು. ದುಭಾಷಿ ಅದನ್ನು ಕನ್ನಡದಲ್ಲಿ ನುಡಿದರು: "ಡಾಕ್ಟ್ರೇ, ನನ್ನ ಕಿಡ್ನಿಯ ವಿಷಯ ನನಗೆ ಯಾಕೆ ಹೇಳಬಾರದು?"

ಆ ಕೋಣೆಯಲ್ಲಿ ಸಿಟ್ಟು ಬಾರದಿದ್ದವರು ಬಹುಶಃ ರೋಗಿಯೊಬ್ಬರೇ. ತಮ್ಮನಿಗೆ ಸಿಟ್ಟು, ವೈದ್ಯರಿಗೂ ಸಿಟ್ಟು. ನಿಜ ಹೇಳಬೇಕೆಂದರೆ ನಮಗೂ ಸಿಟ್ಟು ಬಂದಿತ್ತು. ಕನಿಕರವಿಲ್ಲದ ಹೆಂಗಸು ಎಂದೇ ಅನ್ನಿಸಿತು. ಹೊರಗೆ ಬಂದ ಮೇಲೆ ತಮ್ಮ, "ಅಕ್ಕಾ, ಒಂದು ನಿಮಿಷ ಕೈ ಕೆಳಗಿಟ್ಟಿದ್ದರೆ ನಿಮಗೇನು ನಷ್ಟವಾಗುತ್ತಿತ್ತು?" ಎಂದು ಕೇಳಿಯೇಬಿಟ್ಟ. ಅವರು ಜಗಳಕ್ಕೆ ನಿಲ್ಲಲಿಲ್ಲ. "ಡಾಕ್ಟ್ರು ಇದೇ ಮಾತನ್ನು ನಿಮ್ಮ ಎದುರಿಗೆ ಕೂತು ನಿಮ್ಮ ಬಗ್ಗೆ ಹೇಳಿದ್ದರೆ, ನಿಮಗೆ ಕೇಳಿಸುತ್ತಿರಲಿಲ್ಲವೇ?" ಎಂದಷ್ಟೇ ಕೇಳಿದರು.

ಈ ಪ್ರಶ್ನೆ ನಮ್ಮನ್ನು ಹಲವು ದಿನ ಕಾಡಿತು. ಕಿವಿ ಕೇಳಿಸುವ ರೋಗಿಯಿಂದ ಮುಚ್ಚಿಡಬೇಕಾದ ಸಂಗತಿಯಿದ್ದರೆ ವೈದ್ಯರು ಏನು ಮಾಡುತ್ತಾರೆ? ರೋಗಿಯನ್ನು ಹೊರಗೆ ಕೂರಿಸಿ ಮನೆಯವರನ್ನು ಒಳಗೆ ಕರೆಯುತ್ತಾರೆ. ಅದು ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಆದರೆ ಅಲ್ಲಿ ಕನಿಷ್ಠ ಒಂದು ಬಾಗಿಲು ಮುಚ್ಚಬೇಕಾಗುತ್ತದೆ. ತನ್ನನ್ನು ಹೊರಗೆ ಕಳಿಸಿದರು, ಒಳಗೆ ಏನೋ ನಡೆದಿದೆ ಎಂಬುದಾದರೂ ರೋಗಿಗೆ ಗೊತ್ತಾಗುತ್ತದೆ. ಇಲ್ಲಿ ಬಾಗಿಲು ಮುಚ್ಚುವ ಅಗತ್ಯವೇ ಬೀಳಲಿಲ್ಲ. ಅವರ ಕಿವುಡುತನವನ್ನೇ ಬಾಗಿಲನ್ನಾಗಿ ಬಳಸಿಕೊಳ್ಳಲಾಯಿತು. ಆ ಬಾಗಿಲ ಚಿಲಕವನ್ನು ದುಭಾಷಿ ಹಾಕಬೇಕೆಂದು ನಾವೆಲ್ಲ ನಿರೀಕ್ಷಿಸಿದೆವು. ಅವರು ಹಾಕಲಿಲ್ಲ.

ಈ ಕೆಲಸದ ಬಗ್ಗೆ ನಮ್ಮಲ್ಲಿ ಹಲವರಿಗೆ ಇರುವ ಕಲ್ಪನೆಯೆಂದರೆ ಟಿವಿ ಪರದೆಯ ಮೂಲೆಯ ಸಣ್ಣ ಚೌಕದಲ್ಲಿ ಕೈಯಾಡಿಸುವ ಒಬ್ಬ ವ್ಯಕ್ತಿ. ಸನ್ನೆಯೆಂದರೆ ಜಗತ್ತಿಗೆಲ್ಲ ಒಂದೇ ಎಂಬ ನಂಬಿಕೆ ಬೇರೆ. ಹಾಗೇನಿಲ್ಲ. ಅಮೆರಿಕ ಮತ್ತು ಬ್ರಿಟನ್ ಎರಡೂ ಕಡೆ ಜನ ಇಂಗ್ಲಿಷ್ ಮಾತನಾಡಿದರೂ ಅಲ್ಲಿನ ಕಿವುಡರ ಭಾಷೆಗಳು ಬೇರೆ ಬೇರೆ. ಭಾರತೀಯ ಸಂಜ್ಞಾ ಭಾಷೆಗೂ ತನ್ನದೇ ವ್ಯಾಕರಣವಿದೆ. ಹೌದು ಅಥವಾ ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಯನ್ನು ಅಲ್ಲಿ ಹುಬ್ಬೇರಿಸಿ ಕೇಳುತ್ತಾರೆ. ಅಂದರೆ ಹುಬ್ಬು ಕೂಡ ವ್ಯಾಕರಣವೇ. ಆದರೆ ಈ ಭಾಷೆಯನ್ನು ಭಾಷೆಯೆಂದು ಒಪ್ಪಿಕೊಳ್ಳಲು ಜಗತ್ತು ಬಹಳ ತಡಮಾಡಿತು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನವು ತರಗತಿಯಿಂದ ಸನ್ನೆಯನ್ನು ಹೊರಗಿಟ್ಟು ಬಾಯಿಮಾತನ್ನೇ ಕಲಿಸಬೇಕೆಂದು ನಿರ್ಣಯಿಸಿತು. ಆ ನಿರ್ಣಯಕ್ಕೆ ಅದೇ ಸರಣಿಯ ಸಮ್ಮೇಳನ ವಿಷಾದ ಸೂಚಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ನಮ್ಮ ದರ್ಜಿ ಬಾಲ್ಯದಲ್ಲಿ ಓದಿದ ವಸತಿ ಶಾಲೆಯಲ್ಲೂ ಪಾಠವೆಲ್ಲ ಮೇಷ್ಟ್ರ ತುಟಿ ನೋಡಿ. ಭಾಷೆ ಕಲಿತದ್ದು ರಾತ್ರಿ ಹಾಸ್ಟೆಲಿನಲ್ಲಿ, ಹಿರಿಯ ಹುಡುಗರ ಕೈ ನೋಡಿ. ನಮ್ಮ ದೇಶದಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ದೆಹಲಿಯಲ್ಲಿ ಸ್ಥಾಪನೆಯಾದದ್ದೇ 2015ರಲ್ಲಿ. 2018ರಲ್ಲಿ 3,000 ಪದಗಳೊಂದಿಗೆ ಬಂದ ಅದರ ನಿಘಂಟು 2021ರ ಹೊತ್ತಿಗೆ 10,000 ಪದಗಳಿಗೆ ಬೆಳೆಯಿತು. 2011ರ ಜನಗಣತಿಯಲ್ಲಿ ಶ್ರವಣ ದೋಷವುಳ್ಳವರೆಂದು ದಾಖಲಾದವರು 50 ಲಕ್ಷಕ್ಕೂ ಹೆಚ್ಚು. ಅವರೆಲ್ಲರೂ ಸಂಜ್ಞಾ ಭಾಷೆ ಬಲ್ಲವರಲ್ಲ, ನಿಜ. ಆದರೂ ಈ ಸಂಖ್ಯೆಯ ಮುಂದೆ ತರಬೇತಿ ಪಡೆದ ದುಭಾಷಿಗಳು ತೀರಾ ಕಡಿಮೆ.

ದುಭಾಷಿಯ ಕೆಲಸದಲ್ಲಿ ಹೊರಗಿನವರನ್ನು ಮೊದಲು ಗಲಿಬಿಲಿಗೊಳಿಸುವುದು 'ನಾನು' ಎಂಬ ಪದ. "ಅವರು ಹೀಗೆ ಹೇಳುತ್ತಿದ್ದಾರೆ" ಎಂದು ದುಭಾಷಿ ಹೇಳುವಂತಿಲ್ಲ. ಕಿವುಡರು "ನನಗೆ ನೋವಾಗುತ್ತಿದೆ" ಎಂದರೆ ದುಭಾಷಿಯೂ "ನನಗೆ ನೋವಾಗುತ್ತಿದೆ" ಎನ್ನಬೇಕು. ಅಧಿಕಾರಿ ಬೈದರೆ ಬೈಗುಳವನ್ನು ಅಷ್ಟೇ ಖಾರವಾಗಿ ಸನ್ನೆಯಲ್ಲಿ ದಾಟಿಸಬೇಕು. ಆರೋಪಿಯೊಬ್ಬ ಪೊಲೀಸರ ಮುಂದೆ "ನಾನೇ ಹೊಡೆದದ್ದು" ಎಂದರೆ ಆ ಮಾತು ದುಭಾಷಿಯ ಬಾಯಿಂದಲೇ ಹೊರಡಬೇಕು. ಇನ್ನೊಬ್ಬರ ಸುಳ್ಳು, ಇನ್ನೊಬ್ಬರ ಕೋಪ, ಇನ್ನೊಬ್ಬರ ದುಃಖ ದಿನವಿಡೀ 'ನಾನು' ಎಂಬ ಹೆಸರಿನಲ್ಲಿ ತಮ್ಮೊಳಗಿಂದ ಹಾದುಹೋಗುವುದೆಂದರೆ ಏನೆಂದು ಓದುಗರು ಊಹಿಸಿಕೊಳ್ಳಲಿ. ದೀರ್ಘ ಸಭೆಗಳಲ್ಲಿ ಇಬ್ಬರು ದುಭಾಷಿಗಳು ಇಪ್ಪತ್ತು ಮೂವತ್ತು ನಿಮಿಷಗಳಿಗೊಮ್ಮೆ ಸರದಿ ಬದಲಿಸುತ್ತಾರೆ. ದಣಿಯುವುದು ಕೈಗಿಂತ ಹೆಚ್ಚಾಗಿ ತಲೆ. ಇಷ್ಟಾಗಿ ಸಂಜೆ ಮನೆಗೆ ಹೋಗಿ ಅದನ್ನು ಯಾರ ಬಳಿಯೂ ಹೇಳಿಕೊಳ್ಳುವಂತಿಲ್ಲ. ಲೇಖನ ಬರೆಯುವ ಆಸೆಯಿಂದ ನಾವು ಆ ದುಭಾಷಿಯನ್ನು ಬೇರೆ ಆಸ್ಪತ್ರೆ, ಬೇರೆ ಕಚೇರಿಗಳ ಅನುಭವ ಕೇಳಿದೆವು. ಒಂದನ್ನೂ ಹೇಳಲಿಲ್ಲ. ಇಲ್ಲಿ ಬರೆದಿರುವುದೆಲ್ಲ ನಾವೇ ಕಣ್ಣಾರೆ ಕಂಡದ್ದು, ಸಂಬಂಧಪಟ್ಟವರನ್ನು ಕೇಳಿಯೇ ಬರೆದದ್ದು.

ಹಾಗಾದರೆ ದುಭಾಷಿಯೆಂದರೆ ನೀರು ಹರಿಯುವ ಕೊಳವೆಯೇ? ಒಂದು ಕಡೆ ಸುರಿದದ್ದು ಇನ್ನೊಂದು ಕಡೆ ಬರಬೇಕು, ಅಷ್ಟೇ ತಾನೇ? ಇಲ್ಲಿ ವಿಷಯ ಸ್ವಲ್ಪ ಸೂಕ್ಷ್ಮವಾಗುತ್ತದೆ. ನಮ್ಮ ಸರ್ಕಾರಿ ಕಚೇರಿಗಳ "ನೋಡೋಣ" ಎಂಬ ಮಾತನ್ನೇ ತೆಗೆದುಕೊಳ್ಳಿ. ಗುಮಾಸ್ತರು ಕಡತದಿಂದ ತಲೆ ಎತ್ತದೆ "ನೋಡೋಣ, ಮುಂದಿನ ವಾರ ಬನ್ನಿ" ಎಂದರೆ ಕಿವಿಯುಳ್ಳ ನಮಗೆ ಅರ್ಥವಾಗುತ್ತದೆ, ಕೆಲಸ ಆಗುವುದಿಲ್ಲ ಎಂದು. ಆ ಅರ್ಥ ಇರುವುದು ಪದದಲ್ಲಲ್ಲ, ಸ್ವರದಲ್ಲಿ. ದುಭಾಷಿ 'ನೋಡುವುದು', 'ಮುಂದಿನ ವಾರ', 'ಬರುವುದು' ಎಂದು ಪದಕ್ಕೊಂದು ಸನ್ನೆ ಜೋಡಿಸಿದರೆ ಆ ಬಡಪಾಯಿ ಖರ್ಚು ಮಾಡಿಕೊಂಡು ಮುಂದಿನ ವಾರ ಬಂದೇ ಬರುತ್ತಾನೆ. ಆ ಉದಾಸೀನವನ್ನು ಮುಖದಲ್ಲಿ ತಂದರೆ ಮಾತ್ರ ಮಾತು ಪೂರ್ತಿ ದಾಟಿದಂತೆ. ಹೀಗೆ ದುಭಾಷಿ ಪ್ರತಿ ಕ್ಷಣವೂ ತೀರ್ಮಾನ ಮಾಡುತ್ತಲೇ ಇರುತ್ತಾರೆ. ಆದುದರಿಂದ 'ನಾನು ಏನನ್ನೂ ಸೇರಿಸುವುದಿಲ್ಲ, ಏನನ್ನೂ ಬಿಡುವುದಿಲ್ಲ' ಎಂಬ ಈ ವೃತ್ತಿಯ ಪ್ರತಿಜ್ಞೆಯನ್ನು ಅಕ್ಷರಶಃ ಪಾಲಿಸಲು ಸಾಧ್ಯವಿಲ್ಲ.

ಇಲ್ಲೇ ಒಬ್ಬರು ವಾದಿಸಬಹುದು: ಅರ್ಥದ ವಿಷಯದಲ್ಲಿ ಅಷ್ಟೊಂದು ವಿವೇಚನೆ ಬಳಸುವವರು ಕರುಣೆಯ ವಿಷಯದಲ್ಲೂ ಸ್ವಲ್ಪ ವಿವೇಚನೆ ಬಳಸಿದರೆ ತಪ್ಪೇನು? ನಮಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಇವೆರಡೂ ಒಂದೇ ಜಾತಿಯ ವಿವೇಚನೆಗಳಲ್ಲ. ಆಡಿದ ಮಾತು ಎದುರಿನವರಿಗೆ ಪೂರ್ತಿಯಾಗಿ ತಲುಪುವುದು ಹೇಗೆ ಎಂದು ಯೋಚಿಸುವುದು ಒಂದು. ಎದುರಿನವರಿಗೆ ಎಷ್ಟು ತಲುಪಿದರೆ ಸಾಕು ಎಂದು ಯೋಚಿಸುವುದು ಇನ್ನೊಂದು. ಮೊದಲನೆಯದರಲ್ಲಿ ದುಭಾಷಿ ಇಬ್ಬರ ಸೇವಕರು. ಎರಡನೆಯದರಲ್ಲಿ, ಎಷ್ಟೇ ಒಳ್ಳೆಯ ಮನಸ್ಸಿನಿಂದ ಮಾಡಿದರೂ, ಅವರು ಒಬ್ಬರ ಪೋಷಕರಾಗಿಬಿಡುತ್ತಾರೆ. ಐವತ್ತು ವರ್ಷದ, ಕತ್ತರಿ ಹಿಡಿದು ಸಂಸಾರ ಸಾಕಿದ ಮನುಷ್ಯನಿಗೆ ಪೋಷಕರನ್ನು ನೇಮಿಸುವ ಅಧಿಕಾರ ನಮಗೆ ಕೊಟ್ಟವರಾರು?

ಈ ಪೋಷಕತನ ಕಿವುಡರಿಗೆ ಹೊಸತೇನಲ್ಲ. ಮನೆಯಲ್ಲಿ ಅರ್ಧ ಗಂಟೆ ಮಾತುಕತೆ ನಡೆಯುತ್ತದೆ, ಎಲ್ಲರೂ ನಗುತ್ತಾರೆ. ಏನೆಂದು ಕೇಳಿದರೆ "ಏನಿಲ್ಲ ಬಿಡು" ಎಂಬ ಕೈಸನ್ನೆ. ಜಮೀನು ಪಾಲಾಗುವಾಗ ಹೆಬ್ಬೆಟ್ಟು ಒತ್ತಲು ಮಾತ್ರ ಕರೆ ಬರುತ್ತದೆ. ಕಿವುಡ ತಂದೆತಾಯಿಯ ಮಾತು ಬರುವ ಮಕ್ಕಳ ಪಾಡು ಇನ್ನೂ ಕಷ್ಟ. ಹತ್ತು ಹನ್ನೆರಡರ ವಯಸ್ಸಿಗೇ ಅವರು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ತಮ್ಮ ಶಾಲೆಯ ಪೋಷಕರ ಸಭೆಯಲ್ಲಿ ಕೂಡ ದುಭಾಷಿಗಳು. ತಾಯಿಗೆ ಬಂದ ಕಾಯಿಲೆಯ ಹೆಸರನ್ನು ತಾಯಿಗೆ ಹೇಳಬೇಕಾದ ಮಗು ಅದನ್ನು ನುಂಗಿಕೊಂಡರೆ ಅದನ್ನು ತಪ್ಪೆನ್ನಲು ನಮಗೆ ಬಾಯಿ ಬರುವುದಿಲ್ಲ. ತಪ್ಪು ಆ ಕುರ್ಚಿಯಲ್ಲಿ ಮಗುವನ್ನು ಕೂರಿಸಿದವರದು.

ಮಧ್ಯದಲ್ಲಿ ನಿಂತವರು ತಪ್ಪಿದರೆ ಹಿಡಿಯುವವರು ಯಾರು? 2013ರ ಡಿಸೆಂಬರ್ 10ರಂದು ಜೋಹಾನ್ಸ್‌ಬರ್ಗ್‌ನ ಕ್ರೀಡಾಂಗಣದಲ್ಲಿ ನೆಲ್ಸನ್ ಮಂಡೇಲರ ಶ್ರದ್ಧಾಂಜಲಿ ಸಭೆ ನಡೆಯಿತು. ಜಗತ್ತಿನ ನಾಯಕರ ಪಕ್ಕದಲ್ಲಿ ನಿಂತ ದುಭಾಷಿ ಗಂಟೆಗಟ್ಟಲೆ ಕೈಯಾಡಿಸಿದ. ಅವು ಯಾವ ಸಂಜ್ಞಾ ಭಾಷೆಯೂ ಅಲ್ಲ, ಬರೀ ಕೈ ಚಲನೆಗಳು. ಕೋಟ್ಯಂತರ ಕಿವಿಯುಳ್ಳವರಿಗೆ ಏನೂ ಅನುಮಾನ ಬರಲಿಲ್ಲ. ಕಿವುಡರಿಗೆ ಮಾತ್ರ ಮೊದಲ ಕೆಲವು ಕ್ಷಣಗಳಲ್ಲೇ ತಿಳಿದುಹೋಯಿತು. ಆ ದಿನ ಅರ್ಥವಾಗದೆ ಕುಳಿತಿದ್ದವರು ಕಿವುಡರಷ್ಟೇ ಅಲ್ಲ, ನಾವೂ ಕೂಡ. ನಮಗೆ ಅದು ಗೊತ್ತಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ. ದುಭಾಷಿಯನ್ನು ನಾವು 'ಕಿವುಡರಿಗಾಗಿ' ಕರೆಸುತ್ತೇವೆ ಎನ್ನುತ್ತೇವಲ್ಲ, ಅದು ಅರ್ಧ ಸತ್ಯ. ದರ್ಜಿಯ ಭಾಷೆ ಬಾರದ ವೈದ್ಯರಿಗೂ ಅವರು ಅಷ್ಟೇ ಬೇಕಾಗಿದ್ದರು.

ಹಳಬರಿಗೆ ಈ ವಿಚಾರ ಹೊಳೆದಿರಲಿಲ್ಲವೆಂದಲ್ಲ. 1869ರಿಂದ 1876ರ ನಡುವೆ ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ಹನಫಿ ಫಿಕ್ಹ್ ಆಧಾರದಲ್ಲಿ ಸಿದ್ಧವಾದ 'ಮಜಲ್ಲಾ' ಎಂಬ ನಾಗರಿಕ ಸಂಹಿತೆಯಿದೆ. ಅದರ 70ನೇ ಕಲಮಿನ ಸಾರಾಂಶ, ಮಾತು ಬಾರದವರ ಪರಿಚಿತ ಸನ್ನೆಗೆ ನಾಲಿಗೆಯ ಮಾತಿನಷ್ಟೇ ಬೆಲೆಯಿದೆ ಎಂಬುದು. ಅದರ ಬೆನ್ನಿಗೇ ಬರುವ 71ನೇ ಕಲಮು ದುಭಾಷಿಯ ಮಾತನ್ನು ಯಾವ ಷರತ್ತೂ ಇಲ್ಲದೆ ಸ್ವೀಕರಿಸಬೇಕು ಎನ್ನುತ್ತದೆ. ಷರತ್ತಿಲ್ಲದೆ! ಇಷ್ಟು ದೊಡ್ಡ ವಿಶ್ವಾಸವನ್ನು ಒಬ್ಬ ಮನುಷ್ಯನ ಮೇಲೆ ಇಡುವುದು ಅಪಾಯವಲ್ಲವೇ ಎಂದು ಕೇಳಬಹುದು. ಅಪಾಯವೇ. ನಮ್ಮ ದೇಶದ 1872ರ ಸಾಕ್ಷ್ಯ ಕಾಯ್ದೆಯೂ ಮಾತು ಬಾರದ ಸಾಕ್ಷಿಯ ಸನ್ನೆಯನ್ನು ಬಾಯಿ ಸಾಕ್ಷ್ಯವೆಂದೇ ಒಪ್ಪಿತ್ತು. 2013ರ ತಿದ್ದುಪಡಿಯಲ್ಲಿ ಅಂಥ ಹೇಳಿಕೆಗೆ ದುಭಾಷಿಯ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಬೇಕು, ಅದನ್ನು ವಿಡಿಯೋ ಚಿತ್ರೀಕರಿಸಬೇಕು ಎಂದು ಸೇರಿಸಲಾಯಿತು. ಅಂದರೆ ನಂಬಿಕೆಯ ಜೊತೆಗೆ ಒಂದು ಕಾವಲು. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿಯವರು 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ, 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ದುಭಾಷಿಯ ನೆರವಿನಿಂದ ಹಾಜರಾದದ್ದು ಸುದ್ದಿಯಾಯಿತು. ಇಷ್ಟಾದರೂ ಹೆಚ್ಚಿನ ಕೋಣೆಗಳಲ್ಲಿ ಕ್ಯಾಮರಾವೂ ಇಲ್ಲ, ನ್ಯಾಯಾಧೀಶರೂ ಇಲ್ಲ. ಇರುವುದು ಒಂದು ಅಮಾನತ್ತು, ಅದನ್ನು ಹೊತ್ತು ನಿಂತ ಒಬ್ಬ ವ್ಯಕ್ತಿ.

ದರ್ಜಿ ಈಗ ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆ ಹೋಗುತ್ತಾರೆ. ಅಂದು ಮನೆಗೆ ಬಂದವರು ಮೊದಲು ಮಾಡಿದ್ದು ಹೊಲಿಯಲು ಒಪ್ಪಿಕೊಂಡಿದ್ದ ಬಟ್ಟೆಗಳ ಲೆಕ್ಕ, ಆಮೇಲೆ ಮಗಳ ಮದುವೆಗೆಂದು ಕಟ್ಟುತ್ತಿದ್ದ ಚೀಟಿಯ ಲೆಕ್ಕ. ಗಾಬರಿಯಾಗಲಿಲ್ಲವೆಂದು ನಾವು ಹೇಳುವುದಿಲ್ಲ. ಆ ರಾತ್ರಿ ಅವರ ಮನೆಯ ದೀಪ ಆರಲಿಲ್ಲ.

ಕೆಲವು ತಿಂಗಳ ಬಳಿಕ ಹುಬ್ಬಳ್ಳಿಯ ಕಡೆ ನಮ್ಮ ದೂರದ ಸಂಬಂಧಿಕರ ಮನೆಯಲ್ಲಿ ನಿಕಾಹ್ ಇತ್ತು. ವಧು ಕಿವುಡಿ, ಕಾಲೇಜು ಓದಿದವಳು. ಅದೇ ದುಭಾಷಿಯನ್ನು ಕರೆಸಲು ಹೇಳಿದ್ದು ನಾವೇ. ಕೆಲವು ಹಿರಿಯರಿಗೆ ಅದು ಅನಗತ್ಯ ಆಡಂಬರವೆನಿಸಿತ್ತು. ವಕೀಲರಾಗಿ ಹುಡುಗಿಯ ಮಾಮು, ಇಬ್ಬರು ಸಾಕ್ಷಿಗಳಲ್ಲಿ ಒಬ್ಬರಾಗಿ ನಾವು, ಒಪ್ಪಿಗೆ ಕೇಳಲು ಒಳಮನೆಗೆ ಹೋದೆವು. ಮಾಮು ವರನ ಹೆಸರು, ತಂದೆಯ ಹೆಸರು, ಐವತ್ತೊಂದು ಸಾವಿರ ಮಹರ್ ಎಂದು ಹೇಳಿ, "ಕಬೂಲ್ ಹೈ, ಬೇಟಿ?" ಎಂದರು. ದುಭಾಷಿ ಸನ್ನೆ ಆರಂಭಿಸುವಷ್ಟರಲ್ಲೇ ಪಕ್ಕದಲ್ಲಿದ್ದ ಖಾಲಾ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಬಾಗಿಸಿ, "ಹೂಂ ಅಂದಳು" ಎಂದರು. ಮಾಮು ಏಳಲು ಹೊರಟರು. "ದುಭಾಷಿಯಾಗಿ ನನ್ನ ಮಾತು ಹೇಳುತ್ತಿದ್ದೇನೆ, ಅವರಿಗೆ ಪ್ರಶ್ನೆ ಇನ್ನೂ ತಲುಪಿಲ್ಲ" ಎಂದರು ಆಕೆ. ಬಳಿಕ ಪ್ರಶ್ನೆಯನ್ನು ಪೂರ್ತಿ ಸನ್ನೆಯಲ್ಲಿ ಹೇಳಿದರು. ಹುಡುಗಿ ಮುಸುಕು ಸರಿಸಿ ಏನೋ ಕೇಳಿದಳು. "ಮಾಮು, ನಿಶ್ಚಯದ ದಿನ ನನಗೆ ತೋರಿಸಿದ ಕಾಗದದಲ್ಲಿ ಎಪ್ಪತ್ತೈದು ಸಾವಿರ ಇತ್ತಲ್ಲ?"

ಹೊರಗೆ ಹಾಲ್‌ನಲ್ಲಿ ನಲವತ್ತು ನಿಮಿಷ ಮಾತುಕತೆ ನಡೆಯಿತು. ಬಿರಿಯಾನಿ ಆರುತ್ತಿದೆಯೆಂದು ಅಡುಗೆಯವನು ಎರಡು ಬಾರಿ ಬಂದು ಹೋದ. ಕೊನೆಗೆ ಮಾಮು ಮತ್ತೆ ಒಳಗೆ ಬಂದು ಎಪ್ಪತ್ತೈದು ಸಾವಿರವೆಂದು ಹೇಳಿ ಕೇಳಿದರು. ಹುಡುಗಿಯ ಕೈ ಅಲುಗಿತು. ಆ ಸನ್ನೆಯ ಅರ್ಥ ನಮಗೆ ಗೊತ್ತಿರಲಿಲ್ಲ. ದುಭಾಷಿ "ನಾನು ಒಪ್ಪಿದ್ದೇನೆ" ಎಂದರು. ಆ ಮಾತನ್ನು ನಂಬಿ ನಾವು ನಿಕಾಹ್‌ನಾಮೆಗೆ ಸಾಕ್ಷಿಯ ಸಹಿ ಹಾಕಿದೆವು.