ಉತ್ಸವವಿಲ್ಲದ ಉತ್ಸವಮೂರ್ತಿ

ದೇವಸ್ಥಾನದಲ್ಲಿ ಉತ್ಸವಮೂರ್ತಿಯನ್ನು ನಾವು ಪೂರ್ತಿ ನೋಡುವುದೇ ಇಲ್ಲ. ರೇಷ್ಮೆ, ಒಡವೆ, ಮೊಳಗಟ್ಟಲೆ ಹೂವಿನ ನಡುವೆ ಒಂದು ಮುಖ ಕಂಡರೆ ದರ್ಶನವಾಯಿತು ಎಂದು ಹೊರಡುತ್ತೇವೆ. ಚೆನ್ನೈನ ಎಗ್ಮೋರಿನಲ್ಲಿರುವ ಸರ್ಕಾರಿ ಮ್ಯೂಸಿಯಮ್ಮಿನ ಕಂಚಿನ ಗ್ಯಾಲರಿಯಲ್ಲಿ ಇದೆಲ್ಲ ತಿರುಗುಮುರುಗಾಗುತ್ತದೆ. ತಿರುವಾಲಂಗಾಡಿನ ನಟರಾಜ ಅಲ್ಲಿ ಹಾರವಿಲ್ಲದೆ, ಉಡಿಸಿದ ಬಟ್ಟೆಯಿಲ್ಲದೆ, ಕರ್ಪೂರದ ಹೊಗೆಯಿಲ್ಲದೆ ನಿಂತಿದ್ದಾನೆ. ಇಡೀ ಮೈಯ ಭಾರವನ್ನು ತುಸು ಬಾಗಿದ ಒಂದೇ ಮಂಡಿ ಹೇಗೆ ಹೊತ್ತಿದೆ ಎಂಬುದು ಕಣ್ಣಿಗೆ ಸಿಗುತ್ತದೆ.

ಚೋಳರ ಕಾಲದ ಕಂಚುಗಳನ್ನು ಹಿಂದಿನಿಂದ ನೋಡುವ ಅವಕಾಶ ಸಿಕ್ಕರೆ ಬಿಡಬಾರದು. ಬೆನ್ನಿನ ಇಳಿಜಾರು, ಹೆಗಲಿಗಿಳಿದ ಕೂದಲು, ಸೊಂಟಪಟ್ಟಿಯ ಗಂಟು, ಎಲ್ಲದರಲ್ಲೂ ಮುಂಭಾಗದಷ್ಟೇ ಶ್ರದ್ಧೆ ಇದೆ. ಅಭಿಷೇಕ ಮಾಡುವ ಅರ್ಚಕರನ್ನು ಬಿಟ್ಟರೆ ಆ ಬೆನ್ನು ಹೆಚ್ಚು ಜನರಿಗೆ ಕಾಣುವುದಿಲ್ಲ ಎಂದು ಶಿಲ್ಪಿಗೆ ಗೊತ್ತಿದ್ದಿರಲೇಬೇಕು. ಹಾಗಾದರೆ ಟಿಕೆಟ್ ಕೊಂಡು ಬಂದ ನಾನು ಅದನ್ನು ನೋಡುವುದು ಸರಿಯೇ?

ಸರಿಯಲ್ಲ ಎನ್ನುವ ಗೆಳೆಯರು ನನಗಿದ್ದಾರೆ. ಪೂಜೆಗೆಂದು ಮಾಡಿದ್ದನ್ನು ಪ್ರದರ್ಶನಕ್ಕಿಟ್ಟರೆ ಅದರ ಜೀವ ಹೋಗುತ್ತದೆ ಎಂಬುದು ಅವರ ವಾದ. ಇಂಥ ಮೂರ್ತಿಗಳ ಪೀಠದಲ್ಲಿ, ಹೊರುವ ಕಂಬ ಸಿಕ್ಕಿಸಲು ಬಿಟ್ಟ ತೂತುಗಳನ್ನು ಕಂಡಾಗ ನನಗೂ ಹಾಗೆ ಅನ್ನಿಸುವುದುಂಟು. ಬೀದಿಯಲ್ಲಿ ಹೆಗಲ ಮೇಲೆ ತೂಗಾಡುತ್ತ ಹೋಗಬೇಕಾದವನು ಇಲ್ಲಿ ನಿಂತಲ್ಲೇ ನಿಂತಿದ್ದಾನೆ.

ಆದರೆ ಈ ಮರುಕ ಒಂದು ಲೆಕ್ಕವನ್ನು ಮರೆಯುತ್ತದೆ. ಈ ಮ್ಯೂಸಿಯಂ ಶುರುವಾದದ್ದು 1851ರಲ್ಲಿ. ಎ. ವೈದ್ಯನಾಥ ಅಯ್ಯರ್ ಅವರು ದಲಿತರೊಡನೆ ಮದುರೈ ಮೀನಾಕ್ಷಿ ದೇವಸ್ಥಾನದ ಒಳಗೆ ಹೋದದ್ದು 1939ರಲ್ಲಿ. ನಡುವೆ 88 ವರ್ಷ. ಒಳಗೆ ಬರಲಾಗದವರಿಗೆಂದೇ ದೇವರು ಉತ್ಸವದಲ್ಲಿ ಹೊರಗೆ ಬರುತ್ತಾನೆ ಎಂದು ಸಮಾಧಾನ ಹೇಳುವವರಿದ್ದಾರೆ. ಉತ್ಸವ ಯಾವ ಬೀದಿಗೆ ತಿರುಗುತ್ತದೆ, ಯಾವ ಬೀದಿಯ ಬಾಯಲ್ಲೇ ಹಿಂದಕ್ಕೆ ಹೊರಳುತ್ತದೆ ಎಂಬುದು ಊರಲ್ಲಿ ಬೆಳೆದವರಿಗೆ ಗೊತ್ತು. ಗ್ಯಾಲರಿಯ ಬಾಗಿಲಲ್ಲಿ ಟಿಕೆಟ್ ಕೇಳುತ್ತಾರೆ, ಜಾತಿ ಕೇಳುವುದಿಲ್ಲ. ಪೂಜೆಯ ಜೀವ ಹೋಯಿತೆಂದು ದುಃಖಪಡುವ ಮುಂಚೆ ಅದು ಯಾರ ಪಾಲಿಗೆ ಜೀವಂತವಾಗಿತ್ತು ಎಂದು ಕೇಳಬೇಡವೇ?

ನೋಡುವ ಹಕ್ಕು ಬಂತು, ಸರಿ. ನೋಡುತ್ತೇವೆಯೇ ಎಂಬುದು ಬೇರೆ ಮಾತು. ನಾನು ಹೋದ ದಿನ ಅಜ್ಜಿಯೊಬ್ಬರು ಮೂರ್ತಿಯೊಂದರ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದರು. ಆಮೇಲೆ ಪಕ್ಕಕ್ಕೆ ಸರಿದು, ಗಾಜಿಗೆ ಹಣೆ ತಾಗುವಷ್ಟು ಬಗ್ಗಿ, ಬಹಳ ಹೊತ್ತು ನೋಡಿದರು. ಭಕ್ತಿ ಬೇರೆ, ಕಲಾಸ್ವಾದನೆ ಬೇರೆ ಎಂದು ಗೆರೆ ಎಳೆಯುವ ನಮ್ಮ ಸೆಮಿನಾರುಗಳಿಗೆ ಅವರನ್ನು ಕರೆಸಬೇಕಿತ್ತು. ಫ್ರಾನ್ಸಿನ ಶಿಲ್ಪಿ ರೋದ್ಯಾಗೆ ಈ ಕಂಚು ಎದುರಿಗೂ ಇರಲಿಲ್ಲ. ಬರೀ ಫೋಟೋಗಳನ್ನು ನೋಡಿ ಮೈಮರೆತು ಬರೆದ, ಅವನು ಸತ್ತ ಮೇಲೆ 1921ರಲ್ಲಿ ಅದು ಅಚ್ಚಾಯಿತು.

ಅದೇ ಆವರಣದಲ್ಲಿ ಸಮಕಾಲೀನ ಕಲೆಯ ಕಟ್ಟಡವೂ ಇದೆ. ಅವತ್ತು ಅಲ್ಲಿ ಜನ ಕಡಿಮೆ, ಒಳಗೆ ಬಂದವರೂ ನಡೆಯುತ್ತಲೇ ನೋಡಿ ಹೋದರು. ವಿಚಿತ್ರವೆಂದರೆ ನೋಡುಗನನ್ನು ನಂಬಿ ಮಾಡಿದ ಕೃತಿಗಳು ಇವೇ. ನಟರಾಜನನ್ನು ಎರಕ ಹೊಯ್ದವನ ಮನಸ್ಸಿನಲ್ಲಿ ನಾನು ಇರಲಿಲ್ಲ. ಇವತ್ತಿನ ಚಿತ್ರಕ್ಕೆ ನಾನಲ್ಲದೆ ಬೇರೆ ಗತಿಯಿಲ್ಲ. ಆದರೂ 'ಇದರ ಅರ್ಥ ಏನು?' ಎಂಬ ಜಬರ್ದಸ್ತಿ ನಡೆಯುವುದು ಚಿತ್ರದ ಮೇಲೆ. ನಟರಾಜನ ಹತ್ತಿರ ಯಾರೂ ಅರ್ಥ ಕೇಳುವುದಿಲ್ಲ, ಅವನಿಗೆ ವಯಸ್ಸಿನ ರಕ್ಷಣೆಯಿದೆ. ಮದ್ರಾಸಿನ ಕೆ.ಸಿ.ಎಸ್. ಪಣಿಕ್ಕರ್ 1960ರ ದಶಕದಲ್ಲಿ 'ಪದಗಳು ಮತ್ತು ಸಂಕೇತಗಳು' ಎಂಬ ಚಿತ್ರಸರಣಿ ಶುರುಮಾಡಿದರು. ಜಾತಕದ ಕುಂಡಲಿಯಂಥ ಚೌಕಗಳು, ಸಾಲುಸಾಲು ಅಕ್ಷರದಂಥ ಗೀಚುಗಳು. ಓದಲು ಹೊರಟರೆ ಒಂದು ಪದವೂ ಸಿಗುವುದಿಲ್ಲ. ಸಾಲುಗಳನ್ನು ಬಿಟ್ಟು ಬಣ್ಣದಲ್ಲಿ ಕಣ್ಣಾಡಿಸುತ್ತ ನಿಂತರೆ, ಓದು ಬಾರದವರ ಮುಂದೆ ಕಾಗದವೊಂದು ಹೇಗಿರುತ್ತದೆ ಎಂಬುದು ನಿಧಾನಕ್ಕೆ ಹೊಳೆಯತೊಡಗುತ್ತದೆ.