ಆಪ್ತವಾಕ್ಯವೂ ಮಗುವಿನ ಮಾತೂ

ಪ್ರತ್ಯಕ್ಷ, ಅನುಮಾನ, ಉಪಮಾನಗಳ ಸಾಲಿನಲ್ಲಿ ಶಬ್ದವನ್ನೂ ಪ್ರಮಾಣವೆಂದು ಎಣಿಸಿದ ನ್ಯಾಯದರ್ಶನಕಾರರು, ಯಾರ ಮಾತು ಪ್ರಮಾಣವಾದೀತೆಂಬ ಪ್ರಶ್ನೆಗೆ ಆಪ್ತನ ಮಾತೆಂದು ಉತ್ತರವಿತ್ತರು. ವಿಷಯವನ್ನು ಸ್ವತಃ ಕಂಡು, ಕಂಡುದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆನ್ನುತ್ತಾನೆ ಭಾಷ್ಯಕಾರ ವಾತ್ಸ್ಯಾಯನ. ಆತನು ಮಗುವನ್ನು ಹೆಸರಿಸಲಿಲ್ಲ. ಲಕ್ಷಣವು ಮಾತ್ರ ಮಗುವಿಗೂ ಒಪ್ಪುತ್ತದೆ. 1872ರ ಸಾಕ್ಷ್ಯ ಅಧಿನಿಯಮವಾಗಲಿ, ಅದರ ಸ್ಥಾನಕ್ಕೆ ಬಂದ 2023ರ ಅಧಿನಿಯಮವಾಗಲಿ, ಪ್ರಶ್ನೆಯನ್ನು ಗ್ರಹಿಸಿ ಯುಕ್ತವಾಗಿ ಉತ್ತರಿಸಬಲ್ಲ ಮಗುವಿಗೆ ವಯಸ್ಸಿನ ತಡೆಯೊಡ್ಡಿಲ್ಲ.

ಆದರೂ ಮಗುವಿನ ಹೇಳಿಕೆ ಕೆಟ್ಟಾಗ ನಾವು ದೂರುವುದು ಮಗುವಿನ ಕಲ್ಪನೆಯನ್ನು. ಕೇಳಿದವರ ದೋಷವನ್ನು ವಿಚಾರಿಸುವವರು ವಿರಳ. ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುಶಾಲೆಯಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತೆಂಬ ಪ್ರಕರಣವು 1983ರಲ್ಲಿ ಮೊದಲಾಗಿ, 1990ರಲ್ಲಿ ಒಬ್ಬರಿಗೂ ಶಿಕ್ಷೆಯಾಗದೆ ಮುಗಿಯಿತು. ಅಲ್ಲಿ ಮಕ್ಕಳನ್ನು ಕೇಳಿದವರು ಕ್ರೂರಿಗಳಲ್ಲ. ಕೈಗೆ ಗೊಂಬೆ ತೊಟ್ಟು, ಉಳಿದ ಮಕ್ಕಳೆಲ್ಲ ಆಗಲೇ ಹೇಳಿಬಿಟ್ಟಿದ್ದಾರೆಂದು ತಿಳಿಸಿ, ಹೌದೆಂದವರನ್ನು ಜಾಣರೆಂದು ಮೆಚ್ಚಿ, ಇಲ್ಲವೆಂದವರನ್ನು ಮತ್ತೆ ಮತ್ತೆ ಕೇಳಿದರು. ಆಪಾದಿತರು ವರ್ಷಗಟ್ಟಲೆ ಬೆಂದರು; ಆ ಮಕ್ಕಳಲ್ಲಿ ಯಾರಾದರೊಬ್ಬರು ನಿಜವಾಗಿ ನೊಂದಿದ್ದರೆ, ಅದನ್ನು ಬೇರ್ಪಡಿಸಿ ಅರಿಯುವ ದಾರಿಯೂ ಮುಚ್ಚಿಹೋಯಿತು. ಕರುಣೆಯೇ ಪ್ರಮಾಣವನ್ನು ಕೆಡಿಸಬಲ್ಲುದೆಂಬುದು ನನಗೆ ಇಲ್ಲಿಯ ಅತ್ಯಂತ ಕಠಿನವಾದ ವಿಚಾರವಾಗಿ ತೋರುತ್ತದೆ.

ಮೈಕೇಲ್ ಲ್ಯಾಂಬ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ, ಮಕ್ಕಳ ಹೇಳಿಕೆ ಪಡೆಯಲೆಂದು ರೂಪಿಸಿದ ಎನ್‌ಐಸಿಎಚ್‌ಡಿ ಪ್ರಶ್ನಕ್ರಮದಲ್ಲಿ, ಕೇಳುವವರು ಮೊದಲು "ನಮ್ಮ ಮನೆಯ ನಾಯಿಯ ಹೆಸರೇನು?" ಎಂದು ಮಗುವನ್ನು ಕೇಳುವುದುಂಟು, "ಗೊತ್ತಿಲ್ಲ" ಎಂದರೆ ಅದೇ ಸರಿಯುತ್ತರ. (ಹಿರಿಯರ ಮುಂದೆ ಗೊತ್ತಿಲ್ಲವೆನ್ನಲು ಅಂಜುವ ನಮ್ಮ ಮಕ್ಕಳಿಗಂತೂ ಈ ಅಪ್ಪಣೆ ಅತ್ಯಗತ್ಯ.) ಬಳಿಕ "ಏನಾಯಿತು, ಎಲ್ಲ ಹೇಳು", "ಆಮೇಲೆ?" ಎಂಬಷ್ಟೇ ಪ್ರಶ್ನೆಗಳು; ವ್ಯಕ್ತಿಯ ಹೆಸರಾಗಲಿ ಕೃತ್ಯವಾಗಲಿ ಮೊದಲು ಮಗುವಿನ ಬಾಯಿಂದಲೇ ಬರತಕ್ಕದ್ದು. ಇದನ್ನು ತಿಳಿಯುವುದಕ್ಕೆ ಬಹಳ ಕಾಲ ಬೇಡ. ಆದರೆ ತರಬೇತಿ ಪಡೆದವರೂ ಮೇಲ್ವಿಚಾರಣೆ ತಪ್ಪಿದೊಡನೆ ಹಳೆಯ ರೂಢಿಗೆ ಜಾರುವರೆಂಬುದನ್ನು ಆ ಸಂಶೋಧಕರೇ ಕಂಡುಕೊಂಡರು. ಜೀವನ್ಮುಕ್ತಿವಿವೇಕದಲ್ಲಿ ವಿದ್ಯಾರಣ್ಯರು ತತ್ತ್ವಜ್ಞಾನದ ಜೊತೆಗೆ ವಾಸನಾಕ್ಷಯವನ್ನೂ, ಎಂದರೆ ಹಳೆಯ ಸಂಸ್ಕಾರಗಳ ಅಳಿವನ್ನೂ, ಬೇಡಿದ್ದು ಏಕೆಂಬುದು ಇಂಥಲ್ಲಿ ಅರ್ಥವಾಗುತ್ತದೆ. ಆದಕಾರಣ, ಕೇಳುವವರು ತಾವು ನಡೆಸಿದ ಸಂಭಾಷಣೆಯ ಧ್ವನಿಮುದ್ರಣವನ್ನು ಬಲ್ಲವರ ಮುಂದಿಟ್ಟು, ಒಂದೊಂದು ಪ್ರಶ್ನೆಯನ್ನೂ ಒರೆಗೆ ಹಚ್ಚಿಸಿಕೊಳ್ಳುವುದನ್ನು ವೃತ್ತಿಯುದ್ದಕ್ಕೂ ನಡೆಸಬೇಕಾಗುತ್ತದೆ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ನಮ್ಮ 2012ರ ಪೋಕ್ಸೊ ಕಾಯಿದೆಯು, ಮಗುವಿನ ಮನೆಯಲ್ಲಿಯೋ ಅದು ಬಯಸಿದ ಸ್ಥಳದಲ್ಲಿಯೋ, ಸಮವಸ್ತ್ರವಿಲ್ಲದೆ, ಪೊಲೀಸ್ ಅಧಿಕಾರಿಯು ಹೇಳಿಕೆಯನ್ನು ಬರೆದುಕೊಳ್ಳಬೇಕೆನ್ನುತ್ತದೆ. ಸಮವಸ್ತ್ರವನ್ನು ಕಳಚಿಡುವುದು ಸುಲಭ. ಪೂರ್ವನಿಶ್ಚಯವನ್ನು ಕಳಚಿಡುವುದು ಹಾಗಲ್ಲ. ನೊಂದ ಮಗುವಿನೆದುರು ಇಂಥ ತಾಟಸ್ಥ್ಯವು ಹೃದಯಶೂನ್ಯತೆಯಲ್ಲವೆ ಎಂದು ಕೇಳುವವರುಂಟು, ಆ ಆಕ್ಷೇಪವು ಸಾಧುವಾದದ್ದೇ. ಆದರೆ ಆದರವು ಮಗುವಿಗೆ ಸಲ್ಲಬೇಕು, ಅದರ ಉತ್ತರಕ್ಕಲ್ಲ. ನೀರು ಕೊಡಬಹುದು, ದಣಿದರೆ ಬಿಡುವು ಕೊಡಬಹುದು, ಅಳು ನಿಲ್ಲುವವರೆಗೆ ಕಾಯಬಹುದು. "ಹೇಳಿದೆಯಲ್ಲ, ಜಾಣೆ" ಎನ್ನಲಾಗದು. ಮಗು ಏನನ್ನೂ ಹೇಳದೆ ಎದ್ದುಹೋದರೆ, ಹೇಳಲಿಲ್ಲವೆಂದೇ ಬರೆದುಕೊಳ್ಳತಕ್ಕದ್ದು.