ಒಂದು ಹಗಲಿನ ಅತಿಥಿ

ಹಣವನ್ನು ಕೊಟ್ಟ ಮಾತ್ರಕ್ಕೆ ಋಣವು ತೀರುವದೋ? ಸಂತೆಯಲ್ಲಿ ಉಪ್ಪನ್ನು ಕೊಂಡವನು ಬೆಲೆಯನ್ನು ಕೊಟ್ಟು ಎದ್ದು ಹೋದರೆ ಅವನನ್ನು ಯಾರೂ ದೂರುವದಿಲ್ಲ. ಆದರೆ ಒಬ್ಬನು ನಮ್ಮ ಊರನ್ನೇ ನೋಡಲಿಕ್ಕೆ ಬಂದು, ನಮ್ಮ ನೀರನ್ನು ಕುಡಿದು, ನಮ್ಮ ಓಣಿಯಲ್ಲಿ ತಿರುಗಾಡಿ ಹೋದರೆ ಅವನು ಅತಿಥಿಯೋ, ಗಿರಾಕಿಯೋ?

ಗ್ರೀಸ್ ದೇಶದ ಸಾಂಟೊರಿನಿ ದ್ವೀಪವನ್ನು ನೋಡಿರಿ. ಪೂರ್ವಕಾಲದಲ್ಲಿ ಅಗ್ನಿಪರ್ವತವು ಸಿಡಿದು ಕುಸಿದ ಸ್ಥಳವನ್ನು ಸಮುದ್ರವು ತುಂಬಿದ್ದರಿಂದ ಅಲ್ಲಿಯ ದಡವು ಗೋಡೆಯಂತೆ ಕಡಿದಾಗಿದೆ. ಗೋಡೆಯ ತುದಿಯಲ್ಲಿ ಫಿರಾ ಪಟ್ಟಣ, ಬುಡದಲ್ಲಿ ಹಳೆಯ ಬಂದರು. ವಿಹಾರದ ಹಡಗುಗಳು ದೂರದಲ್ಲಿಯೇ ನಿಲ್ಲುವವು. ಜನರು ದೋಣಿಗಳಲ್ಲಿ ದಡಕ್ಕೆ ಬಂದು, ತಂತಿಯ ಗಾಡಿಯಲ್ಲಿ ಮೇಲಕ್ಕೆ ಹೋಗುವರು, ಇಲ್ಲವೆ 580ಕ್ಕೂ ಹೆಚ್ಚಾದ ಮೆಟ್ಟಲುಗಳನ್ನು ಕಾಲ್ನಡೆಯಾಗಿಯೋ ಕತ್ತೆ ಹೇಸರಗತ್ತೆಗಳ ಬೆನ್ನ ಮೇಲೆಯೋ ಏರುವರು. ಸಾಯಂಕಾಲಕ್ಕೆ ತಿರಿಗಿ ಹಡಗು.

ದ್ವೀಪದ ನಿವಾಸಿಗಳು ಸುಮಾರು 15,000. ಅಲ್ಲಿ ನದಿಯಿಲ್ಲ. ಹಿರಿಯರು ಮಳೆಯ ನೀರನ್ನು ತೊಟ್ಟಿಗಳಲ್ಲಿ ಕೂಡಿಸುತ್ತಿದ್ದರು; ಈಗ ಸಮುದ್ರದ ನೀರಿನ ಉಪ್ಪನ್ನು ತೆಗೆದು ಬಳಸುತ್ತಾರೆ. 2025ರಿಂದ ಹಡಗಿನ ಪ್ರಯಾಣಿಕರು ದಿನಕ್ಕೆ 8,000ವನ್ನು ಮೀರಬಾರದೆಂದು ಕಟ್ಟು ಮಾಡಿದರು. ಅದಕ್ಕೆ ಮುಂಚೆ ಕೆಲವು ದಿನಗಳಲ್ಲಿ ಅದರ ಎರಡರಷ್ಟು ಜನರು ಬಂದದ್ದುಂಟು.

ಹಾಗಾದರೆ ಹಡಗುಗಳು ಬಾರದಿರಲಿ ಎನ್ನೋಣವೋ? ಹಾಗೆ ಹೇಳುವದು ಹೊಟ್ಟೆ ತುಂಬಿದವನ ಮಾತು. 1956ರ ಭೂಕಂಪದಲ್ಲಿ ಮನೆಗಳು ಬಿದ್ದ ಮೇಲೆ ಅನೇಕರು ಆ ದ್ವೀಪವನ್ನು ಬಿಟ್ಟು ಹೋದರು. ಅನಂತರದ ಕಾಲದಲ್ಲಿ ಪರದೇಶದ ಪ್ರವಾಸಿಗಳಿಂದಲೇ ಅಲ್ಲಿ ಜೀವನವು ಚಿಗುರಿತು.

ಆದರೂ ಒಂದು ಸಂಗತಿ ಉಳಿಯುತ್ತದೆ. ಬೆಲೆಯು ಮಾರುವವನಿಗೆ ಸಲ್ಲುವದು. ಏನನ್ನೂ ಮಾರದೆ ಭಾರವನ್ನು ಹೊತ್ತವರಿಗೆ ಸಲ್ಲುವದೇನು? ಜಾತ್ರೆಯ ದಿನ ಅಂಗಡಿಯವನು ಲಾಭ ಎಣಿಸುವನು, ಕಲಕಿದ ಬಾವಿಯ ಮುಂದೆ ಕೊಡ ಹಿಡಿದು ನಿಲ್ಲುವವಳು ಬೇರೊಬ್ಬಳು. ಫಿರಾದ ಇಕ್ಕಟ್ಟಾದ ಓಣಿಯಲ್ಲಿ ತನ್ನ ಬಾಗಲಿಗೆ ಸೇರಲು ದಾರಿ ಕಾಯುವ ಮುದುಕಿಯು ಯಾವ ಸರಕನ್ನು ಮಾರಿದಳು? ಹೇಸರಗತ್ತೆಯು ತನ್ನ ಬೆನ್ನನ್ನು ತಾನಾಗಿ ಮಾರಿತೋ? ಅದರ ಮೇಲೆ 100 ಕಿಲೋಗ್ರಾಮನ್ನಾಗಲಿ ಅದರ ತೂಕದ ಐದನೆಯ ಒಂದು ಪಾಲನ್ನಾಗಲಿ ಮೀರಿ ಹೇರಬಾರದೆಂದು 2018ರಲ್ಲಿ ಗ್ರೀಸಿನ ಸರಕಾರವು ಹೇಳಬೇಕಾಯಿತು. ಕಾಣುವ ಕಣ್ಣಿದ್ದರೆ ಅಷ್ಟಕ್ಕೆ ಆಜ್ಞೆ ಯಾಕೆ ಬೇಕಿತ್ತು?

2025ರ ಜುಲೈಯಿಂದ ಜನಸಂದಣಿಯ ಕಾಲದಲ್ಲಿ ಇಳಿಯುವ ಒಬ್ಬೊಬ್ಬನ ಮೇಲೆ 20 ಯೂರೋ ತೆರಿಗೆಯನ್ನು ಹಾಕಿದ್ದಾರೆ. ನ್ಯಾಯವೇ. ಆದರೆ “ತೆರಿಗೆ ಕೊಟ್ಟೆನಲ್ಲಾ” ಎಂದು ಎದೆಯುಬ್ಬಿಸಿ ನಡೆಯುವವನು, ಸಂಕೋಚದಿಂದ ಕಾಲಿಡುವವನಿಗಿಂತ ಒಳ್ಳೆಯ ಅತಿಥಿಯಾದಾನೋ? ನನಗೆ ಸಂದೇಹ. ಕಡೆಯ ದೋಣಿಗಾಗಿ ಮೆಟ್ಟಲಿಳಿಯುವಾಗ ಒಬ್ಬನು ಬದಿಗೆ ಸರಿದು, ಬರಿಬೆನ್ನಿನಿಂದ ಹತ್ತುವ ಪಶುವಿಗೆ ದಾರಿ ಬಿಟ್ಟರೆ ಅದನ್ನು ಯಾರೂ ಲೆಕ್ಕದಲ್ಲಿ ಬರೆಯುವದಿಲ್ಲ.